ಚಿಪ್ಪಿನ ಬೆಳವಣಿಗೆಯ ದಾಖಲೆ ಮತ್ತು ಅಳಿವೆಗಳ ಪರಿಸರ ಚರಿತ್ರೆ: ಉತ್ತರ ಕನ್ನಡದ ನಿದರ್ಶನ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆ ವಿಶಾಲವಾದ ಅಳಿವೆಯೊಂದು ಹರಡಿಕೊಂಡಿದೆ. ಇಳಿತದ ವೇಳೆ ನೀರು ಹಿಂದೆ ಸರಿದು ಮರಳುದಿಬ್ಬಗಳು ತೆರೆದುಕೊಂಡಾಗ ಸುತ್ತಣ ಗ್ರಾಮಗಳ ಸ್ತ್ರೀಪುರುಷರು ಅಲ್ಲಿಗಿಳಿದು ಬಳಚನ್ನು ಆಯುತ್ತಾರೆ. ಒಳಗಿನ ತಿರುಳು ಆಹಾರವಾಗುತ್ತದೆ. ಚಿಪ್ಪು ಬಹುಮಟ್ಟಿಗೆ ಸುಣ್ಣದ ಭಟ್ಟಿಯ ಪಾಲಾಗುತ್ತದೆ. ಹೀಗೆ ಸುಟ್ಟು ಸುಣ್ಣವಾಗುವ ಪ್ರತಿಯೊಂದು ಚಿಪ್ಪಿನಲ್ಲಿಯೂ ಆ ಜೀವಿ ಬದುಕಿದ್ದಷ್ಟು ಕಾಲದ ನೀರಿನ ಉಷ್ಣತೆ, ಲವಣತ್ವ ಹಾಗೂ ಮಳೆಗಾಲಗಳ ಗುರುತುಗಳು ಪದರ ಪದರವಾಗಿ ಉಳಿದಿರುತ್ತವೆ. ಈ ಪದರಗಳನ್ನು ಎಣಿಸಿ, ಅಳೆದು, ಅವುಗಳ ರಾಸಾಯನಿಕ ಸ್ವರೂಪವನ್ನು ಪರೀಕ್ಷಿಸಿ, ಕಡಲಿನ ಪರಿಸರದಲ್ಲಿ ಉಂಟಾದ ಬದಲಾವಣೆಗಳನ್ನು ತಿಳಿಯುವ ವಿಧಾನವು ಕಳೆದ ಕೆಲವು ದಶಕಗಳಲ್ಲಿ ಸ್ವತಂತ್ರ ಅಧ್ಯಯನ ಶಾಖೆಯಾಗಿ ಬೆಳೆದಿದೆ. ಮರದ ಉಂಗುರಗಳಿಂದ ಹಿಂದಿನ ಹವಾಮಾನವನ್ನು ಅರಿಯುವ ಶಾಸ್ತ್ರಕ್ಕೆ ಇದು ಸಮುದ್ರದ ಪ್ರತಿರೂಪವೆನ್ನಬಹುದು.

ಕರ್ನಾಟಕದ ಅಳಿವೆಗಳಿಗೆ ಈ ವಿಧಾನವು ವಿಶೇಷವಾಗಿ ಪ್ರಸ್ತುತವಾಗಿದೆ. ಮಳೆಯ ಪ್ರಮಾಣ, ನದಿಯ ಹರಿವು ಮುಂತಾದುವನ್ನು ಅಳೆಯುವ ವ್ಯವಸ್ಥೆ ಬಹುಕಾಲದಿಂದ ಇದ್ದರೂ ಅಳಿವೆಯ ನೀರಿನ ಲವಣತ್ವವನ್ನು ವರ್ಷದ ಎಲ್ಲ ಕಾಲಗಳಲ್ಲಿ, ದಶಕಗಳುದ್ದಕ್ಕೂ ಎಡೆಬಿಡದೆ ಅಳೆದ ದಾಖಲೆಗಳು ವಿರಳ. ಆದರೆ ಇದೇ ಅವಧಿಯಲ್ಲಿ ಅಣೆಕಟ್ಟು, ಮರಳುಗಾರಿಕೆ, ಬಂದರು ಹಾಗೂ ಸಿಗಡಿ ಕೃಷಿಯಿಂದ ಅಳಿವೆಗಳ ಸ್ವರೂಪ ಬದಲಾಗಿದೆ. ಉಪಕರಣಗಳು ದಾಖಲಿಸದೆ ಬಿಟ್ಟುದನ್ನು ಚಿಪ್ಪುಗಳಿಂದ ಎಷ್ಟರಮಟ್ಟಿಗೆ ಓದಬಹುದು, ಅದಕ್ಕೆ ಇರುವ ಮಿತಿಗಳೇನು, ಈ ದಾಖಲೆಯನ್ನು ಉಳಿಸಿಕೊಳ್ಳಲು ಆಗಬೇಕಾದುದೇನು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಚಿಪ್ಪು ಬೆಳೆಯುವ ಬಗೆ

ಬಳಚು, ಕಲ್ಗ, ನೀಲಿಕಲ್ಲು ಮುಂತಾದುವು ದ್ವಿಕವಾಟ ಮೃದ್ವಂಗಿಗಳ ವರ್ಗಕ್ಕೆ ಸೇರಿದವು. ದಕ್ಷಿಣ ಕನ್ನಡದ ತುಳು ಭಾಷಿಕರು ಬಳಚನ್ನು ಮರುವಾಯಿ ಎಂದೂ ನೀಲಿಕಲ್ಲನ್ನು ಪಚ್ಚಿಲೆ ಎಂದೂ ಕರೆಯುತ್ತಾರೆ. ಇವುಗಳ ಮೃದುವಾದ ದೇಹವನ್ನು ಪ್ರಾವಾರವೆಂಬ ತೆಳುವಾದ ಅಂಗಾಂಶವು ಆವರಿಸಿರುತ್ತದೆ. ಪ್ರಾವಾರದ ಅಂಚು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಬಳಸಿಕೊಂಡು ಚಿಪ್ಪಿನ ತುದಿಗೆ ಹೊಸ ಪದರವನ್ನು ಸೇರಿಸುತ್ತ ಹೋಗುತ್ತದೆ. ಮೂಳೆಯಂತೆ ಚಿಪ್ಪು ಮತ್ತೆ ಮತ್ತೆ ಕರಗಿ ಮರುರಚನೆಗೊಳ್ಳುವುದಿಲ್ಲ. ಒಮ್ಮೆ ಕೂಡಿಕೊಂಡ ಪದರ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಆದುದರಿಂದ ಎರಡು ಕವಾಟಗಳು ಕೂಡುವ ಮೊನೆಯ ಬಳಿ ಜೀವಿಯ ಬಾಲ್ಯವೂ ಹೊರ ಅಂಚಿನಲ್ಲಿ ಅದರ ಕೊನೆಯ ದಿನಗಳೂ ದಾಖಲಾಗಿರುತ್ತವೆ.

ಬೆಳವಣಿಗೆಯು ಒಂದೇ ವೇಗದಲ್ಲಿ ಸಾಗುವುದಿಲ್ಲ. ನೀರು ಆವರಿಸಿದ್ದಾಗ ಜೀವಿಯು ಕವಾಟಗಳನ್ನು ತೆರೆದು ಆಹಾರವನ್ನು ಸೋಸಿಕೊಳ್ಳುತ್ತದೆ. ಇಳಿತದಲ್ಲಿ ದಿಬ್ಬ ಬರಿದಾದಾಗ ಕವಾಟಗಳನ್ನು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡಿರುವಾಗ ಬೆಳವಣಿಗೆ ಕುಂಠಿತವಾಗಿ, ಸೂಕ್ಷ್ಮದರ್ಶಕದಲ್ಲಿ ಕಾಣುವಂತಹ ಗೆರೆಯೊಂದು ಮೂಡುತ್ತದೆ. ಉಬ್ಬರವಿಳಿತಗಳ ವ್ಯಾಪ್ತಿಯಲ್ಲಿ ವಾಸಿಸುವ ಚಿಪ್ಪುಗಳಲ್ಲಿ ಇಂತಹ ಗೆರೆಗಳು ಉಬ್ಬರವಿಳಿತದ ಲಯವನ್ನೇ ಅನುಸರಿಸುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರ ಮತ್ತು ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರಗಳ ಅಂತರದಿಂದ ಗೆರೆಗಳು ಸುಮಾರು ಹದಿನೈದು ದಿನಗಳ ಗುಂಪುಗಳಾಗಿ ಕಾಣಿಸಿಕೊಳ್ಳುತ್ತವೆ. ಇವುಗಳ ಮೇಲೆ ಋತುಗಳ ಪ್ರಭಾವದಿಂದ ಮೂಡುವ ದಪ್ಪನೆಯ ವಾರ್ಷಿಕ ಗೆರೆಗಳಿರುತ್ತವೆ.

ಶೀತವಲಯದ ಸಮುದ್ರಗಳಲ್ಲಿ ಚಳಿಗಾಲವು ಬೆಳವಣಿಗೆಯನ್ನು ತಡೆಯುವುದರಿಂದ ವಾರ್ಷಿಕ ಗೆರೆ ಮೂಡುವುದು ಸಾಮಾನ್ಯ. ಕರ್ನಾಟಕದ ಕರಾವಳಿಯಲ್ಲಿ ಅಂತಹ ಚಳಿಗಾಲವಿಲ್ಲ. ಇಲ್ಲಿ ಆ ಕಾರ್ಯವನ್ನು ನೈಋತ್ಯ ಮಾರುತದ ಮಳೆಗಾಲ ನಿರ್ವಹಿಸುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾದ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಬೇಸಗೆಯಲ್ಲಿ ಕಡಲನೀರಿನಷ್ಟೇ ಉಪ್ಪಾಗಿದ್ದ ಅಳಿವೆಯ ನೀರು ಆಗ ಸಿಹಿನೀರಿಗೆ ಸಮೀಪವಾಗುತ್ತದೆ. ಇದನ್ನು ಸಹಿಸಲಾರದ ಬಳಚು ದೀರ್ಘಕಾಲ ಕವಾಟ ಮುಚ್ಚಿಕೊಂಡು, ಆಮ್ಲಜನಕವಿಲ್ಲದೆ ಉಸಿರಾಟ ನಡೆಸುವ ಸ್ಥಿತಿಗೆ ತಲಪುತ್ತದೆ. ಆ ಸಮಯದಲ್ಲಿ ದೇಹದೊಳಗೆ ಸಂಗ್ರಹವಾಗುವ ಆಮ್ಲವು ಚಿಪ್ಪಿನ ಒಳಮೈಯನ್ನು ತುಸು ಕರಗಿಸುವುದೂ ಉಂಟು. ಮಳೆ ಕಳೆದು ಲವಣತ್ವ ಮರಳಿದ ಮೇಲೆ ಬೆಳವಣಿಗೆ ಮತ್ತೆ ಆರಂಭವಾದಾಗ, ನಡುವಣ ಬಿಡುವು ಚಿಪ್ಪಿನಲ್ಲಿ ಸ್ಪಷ್ಟ ಗೆರೆಯಾಗಿ ಉಳಿಯುತ್ತದೆ. ಕರಾವಳಿಯ ಚಿಪ್ಪುಗಳಲ್ಲಿ ವರ್ಷದ ಎಣಿಕೆಯೆಂದರೆ ಬಹುಮಟ್ಟಿಗೆ ಮಳೆಗಾಲಗಳ ಎಣಿಕೆಯೇ ಸರಿ.

ಓದುವ ವಿಧಾನ

ಚಿಪ್ಪನ್ನು ಅದರ ಮೊನೆಯಿಂದ ಹೊರ ಅಂಚಿನವರೆಗೆ, ಬೆಳವಣಿಗೆ ಅತ್ಯಧಿಕವಾಗಿರುವ ನೇರದಲ್ಲಿ, ವಜ್ರದ ಅಲಗುಳ್ಳ ನಿಧಾನಗತಿಯ ಗರಗಸದಿಂದ ಸೀಳಲಾಗುತ್ತದೆ. ಒಡೆಯದಂತೆ ಮೊದಲೇ ಅದನ್ನು ಎಪಾಕ್ಸಿ ರಾಳದಲ್ಲಿ ಹುದುಗಿಸಿರುತ್ತಾರೆ. ಸೀಳಿದ ಮೈಯನ್ನು ನುಣುಪುಗೊಳಿಸಿ, ದುರ್ಬಲ ಆಮ್ಲದಿಂದ ಅಥವಾ ಬಣ್ಣದ ದ್ರಾವಣದಿಂದ ಸಂಸ್ಕರಿಸಿದಾಗ ಗೆರೆಗಳು ಎದ್ದು ಕಾಣುತ್ತವೆ. ಗೆರೆಗಳ ನಡುವಣ ಅಂತರವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರೆ ಬೆಳವಣಿಗೆಯ ಸರಣಿ ದೊರೆಯುತ್ತದೆ. ಜೀವಿ ವಯಸ್ಸಾದಂತೆ ಬೆಳವಣಿಗೆಯು ಸಹಜವಾಗಿಯೇ ಕುಗ್ಗುವುದರಿಂದ ಆ ಇಳಿಮುಖವನ್ನು ಗಣಿತೀಯವಾಗಿ ಬೇರ್ಪಡಿಸಿ, ಉಳಿದ ಏರಿಳಿತಗಳನ್ನು ಮಾತ್ರ ಪರಿಸರದ ಪರಿಣಾಮವೆಂದು ಪರಿಗಣಿಸಲಾಗುತ್ತದೆ. ಒಂದೇ ನೆಲೆಯ ಅನೇಕ ಚಿಪ್ಪುಗಳಲ್ಲಿ ಒಂದೇ ಕಾಲಕ್ಕೆ ಕಂಡುಬರುವ ಏರಿಳಿತವೇ ವಿಶ್ವಾಸಾರ್ಹ. ಒಂದೇ ಚಿಪ್ಪಿನಲ್ಲಿ ಕಾಣುವ ಗೆರೆ ಆಕಸ್ಮಿಕವಾಗಿರಬಹುದು.

ಎರಡನೆಯ ಹಂತ ರಾಸಾಯನಿಕ ಪರೀಕ್ಷೆ. ಆಮ್ಲಜನಕದಲ್ಲಿ ಹಗುರವಾದ 16 ಮತ್ತು ಭಾರವಾದ 18 ಎಂಬ ಎರಡು ಮುಖ್ಯ ಐಸೊಟೋಪುಗಳಿವೆ. ಚಿಪ್ಪಿನಲ್ಲಿ ಇವುಗಳ ಅನುಪಾತವು ನೀರಿನ ಉಷ್ಣತೆಯನ್ನು ಅವಲಂಬಿಸಿರುತ್ತದೆಂಬ ತತ್ತ್ವವನ್ನು ಹೆರಾಲ್ಡ್ ಯೂರಿ 1947ರಲ್ಲಿ ಪ್ರತಿಪಾದಿಸಿದರು. ಸ್ಯಾಮ್ಯುಯೆಲ್ ಎಪ್‌ಸ್ಟೈನ್ ಮತ್ತು ಸಂಗಡಿಗರು 1951 ಹಾಗೂ 1953ರಲ್ಲಿ ಚಿಪ್ಪುಗಳನ್ನೇ ಪರೀಕ್ಷಿಸಿ ಅದನ್ನು ಸಮೀಕರಣದ ರೂಪಕ್ಕೆ ತಂದರು. ಸ್ಥೂಲವಾಗಿ ಹೇಳುವುದಾದರೆ, ಉಷ್ಣತೆ ನಾಲ್ಕು ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು ಏರಿದರೆ ಚಿಪ್ಪಿನಲ್ಲಿ ಭಾರವಾದ ಆಮ್ಲಜನಕದ ಪ್ರಮಾಣ ಸಾವಿರಕ್ಕೆ ಒಂದಂಶದಷ್ಟು ಇಳಿಯುತ್ತದೆ.

ಆದರೆ ಈ ಅನುಪಾತವನ್ನು ನಿರ್ಧರಿಸುವುದು ಉಷ್ಣತೆಯೊಂದೇ ಅಲ್ಲ. ನೀರಿನಲ್ಲಿಯೇ ಇರುವ ಐಸೊಟೋಪು ಪ್ರಮಾಣವೂ ಅದರಲ್ಲಿ ಪಾಲುಗೊಳ್ಳುತ್ತದೆ. ಮಳೆನೀರಿನಲ್ಲಿ ಕಡಲನೀರಿಗಿಂತ ಹಗುರವಾದ ಆಮ್ಲಜನಕ ಹೆಚ್ಚು. ತೆರೆದ ಸಮುದ್ರದಲ್ಲಿ ಉಷ್ಣತೆ ಪ್ರಧಾನವಾದರೆ, ಕರ್ನಾಟಕದ ಅಳಿವೆಗಳಲ್ಲಿ ನೀರಿನ ಉಷ್ಣತೆ ವರ್ಷವಿಡೀ ಕೆಲವೇ ಡಿಗ್ರಿಗಳಷ್ಟು ಬದಲಾಗುವುದರಿಂದ ನದಿನೀರಿನ ಪಾಲೇ ಪ್ರಧಾನವಾಗುತ್ತದೆ. ಯುರೋಪಿನ ಸಂಶೋಧಕನಿಗೆ ಚಿಪ್ಪು ಉಷ್ಣತಾಮಾಪಕವಾದರೆ, ಅಘನಾಶಿನಿಯ ಸಂಶೋಧಕನಿಗೆ ಅದು ಮೊದಲು ಲವಣತ್ವದ ಮಾಪಕ. ಬೇರಿಯಂ, ಸ್ಟ್ರಾನ್ಷಿಯಂ, ಮ್ಯಾಂಗನೀಸ್ ಮುಂತಾದ ಅಲ್ಪ ಪ್ರಮಾಣದ ಧಾತುಗಳನ್ನು ಜೊತೆಗೆ ಅಳೆಯುವುದರಿಂದ ಈ ಎರಡು ಪ್ರಭಾವಗಳನ್ನು ಬೇರ್ಪಡಿಸಲು ನೆರವಾಗುತ್ತದೆ. ನದಿನೀರಿನಲ್ಲಿ ಕರಗಿದ ಬೇರಿಯಂ ಸಾಮಾನ್ಯವಾಗಿ ಕಡಲನೀರಿಗಿಂತ ಹೆಚ್ಚಿರುವುದು ಇಲ್ಲಿ ಉಪಯುಕ್ತ ಸಂಗತಿ.

ಜಾಗತಿಕ ಸಾಧನೆ

ಈ ವಿಧಾನದ ಸಾಮರ್ಥ್ಯಕ್ಕೆ ಅತ್ಯುತ್ತಮ ನಿದರ್ಶನ ಉತ್ತರ ಅಟ್ಲಾಂಟಿಕ್‌ನ ಆರ್ಕ್ಟಿಕಾ ಐಲ್ಯಾಂಡಿಕಾ ಎಂಬ ಚಿಪ್ಪುಜೀವಿ. 2006ರಲ್ಲಿ ಐಸ್‌ಲ್ಯಾಂಡಿನ ಸಮೀಪ ಸಂಗ್ರಹಿಸಿದ ಒಂದು ಜೀವಿಯ ವಯಸ್ಸನ್ನು ಮೊದಲು 405ರಿಂದ 410 ವರ್ಷಗಳೆಂದು ಅಂದಾಜಿಸಲಾಗಿತ್ತು. 2013ರಲ್ಲಿ ಮರುಪರಿಶೀಲಿಸಿದಾಗ ಅದು 507 ವರ್ಷಗಳೆಂದು ಸ್ಥಿರಪಟ್ಟಿತು. ಜೀವಂತ ಹಾಗೂ ಮೃತ ಚಿಪ್ಪುಗಳ ಗೆರೆಗಳನ್ನು ಒಂದಕ್ಕೊಂದು ಹೊಂದಿಸಿ ಪಾಲ್ ಬಟ್ಲರ್ ಮತ್ತು ಸಂಗಡಿಗರು ಅದೇ ವರ್ಷ ಕ್ರಿ.ಶ. 649ರಿಂದ 2005ರವರೆಗಿನ 1,357 ವರ್ಷಗಳ ಅಖಂಡ ಸರಣಿಯನ್ನು ಪ್ರಕಟಿಸಿದರು. ಉಪಕರಣಗಳಿಲ್ಲದ ಕಾಲದ ಸಮುದ್ರದ ಸ್ಥಿತಿಯನ್ನು ವರ್ಷವರ್ಷಕ್ಕೆ ನಿಖರವಾಗಿ ತಿಳಿಯಲು ಇದರಿಂದ ಸಾಧ್ಯವಾಯಿತು.

ಕರ್ನಾಟಕದ ಬಳಚಿನಿಂದ ಇಷ್ಟು ದೀರ್ಘವಾದ ದಾಖಲೆಯನ್ನು ನಿರೀಕ್ಷಿಸಲಾಗದು. ಇಲ್ಲಿನ ಪಾಫಿಯಾ ಮಲಬಾರಿಕಾ, ಮೆರೆಟ್ರಿಕ್ಸ್ ಕಾಸ್ಟಾ ಮುಂತಾದ ಪ್ರಭೇದಗಳ ಆಯುಷ್ಯ ಕೆಲವೇ ವರ್ಷಗಳದು. ಆದರೆ ಬೇಗ ಬೆಳೆಯುವ ಚಿಪ್ಪಿನಲ್ಲಿ ಪ್ರತಿ ತಿಂಗಳಿಗೆ ದೊರೆಯುವ ಪದರವು ಅಗಲವಾಗಿರುತ್ತದೆ. ಆರ್ಕ್ಟಿಕಾ ಶತಮಾನಗಳ ಕಥನವನ್ನು ವರ್ಷಕ್ಕೊಂದು ಸಾಲಿನಂತೆ ನೀಡಿದರೆ, ಬಳಚು ಎರಡು ಮೂರು ಮಳೆಗಾಲಗಳ ವಿವರವನ್ನು ವಾರಗಳ ಸೂಕ್ಷ್ಮತೆಯಲ್ಲಿ ನೀಡಬಲ್ಲದು. ಬೇರೆ ಬೇರೆ ಕಾಲದ ಚಿಪ್ಪುಗಳು ದೊರೆತಲ್ಲಿ, ಅಂತಹ ಕಿರು ದಾಖಲೆಗಳನ್ನು ಅಕ್ಕಪಕ್ಕದಲ್ಲಿರಿಸಿ ಹೋಲಿಸಬಹುದು.

ಎರಡು ನದಿಗಳು, ಎರಡು ಅಳಿವೆಗಳು

ಇಂತಹ ಹೋಲಿಕೆಗೆ ಉತ್ತರ ಕನ್ನಡ ಜಿಲ್ಲೆ ಒದಗಿಸುವಷ್ಟು ಅನುಕೂಲವಾದ ಕ್ಷೇತ್ರ ವಿರಳ. ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಶಿರಸಿಯ ಬಳಿ ಹುಟ್ಟಿ ಸಮುದ್ರ ಸೇರುವವರೆಗೆ ಅದರ ಹರಿವು ಮಳೆಯ ಏರಿಳಿತವನ್ನೇ ಅನುಸರಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಬೂಮಿನಾಥನ್, ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಟಿ. ವಿ. ರಾಮಚಂದ್ರ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳನ್ನು ಸಂಗ್ರಹಿಸಲಾಗುತ್ತಿತ್ತು. ಅದರ ಮೌಲ್ಯ ಸುಮಾರು 5.8 ಕೋಟಿ ರೂಪಾಯಿ. 2,300ಕ್ಕೂ ಹೆಚ್ಚು ಜನರು ನೇರವಾಗಿ ಅದನ್ನು ಅವಲಂಬಿಸಿದ್ದರು. 2024ರಲ್ಲಿ ಈ ಅಳಿವೆಯು ರಾಮ್ಸರ್ ಒಡಂಬಡಿಕೆಯ ಪಟ್ಟಿಗೆ ಸೇರಿತು.

ಅಘನಾಶಿನಿಯ ದಕ್ಷಿಣಕ್ಕೆ, ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯ ಸ್ಥಿತಿ ಬೇರೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ಪೂರ್ಣಗೊಂಡಿತು. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯ ವಿದ್ಯುದಾಗಾರ ಕಾರ್ಯಾರಂಭ ಮಾಡಿತು. ವಿದ್ಯುತ್ ಉತ್ಪಾದನೆಗೆ ಬಳಸಿದ ಸಿಹಿನೀರು ಬೇಸಗೆಯಲ್ಲಿಯೂ ಎಡೆಬಿಡದೆ ಅಳಿವೆಗೆ ಹರಿಯತೊಡಗಿದ್ದರಿಂದ ಅಲ್ಲಿ ಲವಣತ್ವ ಕುಸಿಯಿತು. ಮೇಲ್ಕಂಡ ಸಂಶೋಧಕರ ಮುಂದಿನ ಅಧ್ಯಯನವು, ಉಪ್ಪುನೀರನ್ನು ಬಯಸುವ ಪಾಫಿಯಾ, ಮೆರೆಟ್ರಿಕ್ಸ್, ಕೆಟಲೈಸಿಯಾ ಮುಂತಾದ ಬಳಚುಗಳು ಶರಾವತಿಯ ಅಳಿವೆಯಿಂದ ಕಣ್ಮರೆಯಾದುದನ್ನೂ ಕಡಿಮೆ ಲವಣತ್ವಕ್ಕೆ ಒಗ್ಗುವ ಪಾಲಿಮೆಸೋಡಾ ಇರೋಸಾ ಕೆಲವೆಡೆ ಉಳಿದುದನ್ನೂ ದಾಖಲಿಸಿದೆ. ಮಳೆಗಾಲದ ಸಿಹಿನೀರು ಬಳಚಿಗೆ ಹೊಸತಲ್ಲ. ವರ್ಷವಿಡೀ ಸಿಹಿನೀರು ಉಳಿಯುವುದು ಹೊಸತು. ಕೆಲಕಾಲ ಕವಾಟ ಮುಚ್ಚಿ ಕಾಯುವ ಸಾಮರ್ಥ್ಯ ಆ ಜೀವಿಗಿದೆ, ಆದರೆ ಕಾಯುವಿಕೆಗೆ ಕೊನೆಯಿಲ್ಲದಾದಾಗ ಅದು ಬದುಕಲಾರದು.

ಇಲ್ಲಿ ಚಿಪ್ಪಿನ ದಾಖಲೆ ನೀಡಬಹುದಾದ ಕಾಣಿಕೆ ಸ್ಪಷ್ಟವಾಗಿದೆ. ಅಣೆಕಟ್ಟಿಗೆ ಮೊದಲಿನ ಶರಾವತಿಯ ಚಿಪ್ಪುಗಳು ಅಳಿವೆಯ ಕೆಸರಿನಲ್ಲಿ ಹುದುಗಿ ಉಳಿದಿದ್ದಲ್ಲಿ, ಅವುಗಳಲ್ಲಿ ಬೇಸಗೆಯ ಉಪ್ಪು ಮತ್ತು ಮಳೆಗಾಲದ ಸಿಹಿಯ ನಡುವಣ ಅಂತರವು ಇಂದಿನ ಅಘನಾಶಿನಿಯ ಚಿಪ್ಪುಗಳಲ್ಲಿರುವಂತೆ ದೊಡ್ಡದಾಗಿ ಕಾಣಬೇಕು. ಜಲಾಶಯದ ನಂತರದ ಚಿಪ್ಪುಗಳಲ್ಲಿ ಆ ಅಂತರವು ಕುಗ್ಗುತ್ತ ಹೋಗಬೇಕು. ಕುಗ್ಗುವಿಕೆ ಯಾವಾಗ ಆರಂಭವಾಯಿತು, 1964ರ ತರುವಾಯವೇ ಅಥವಾ ಗೇರುಸೊಪ್ಪೆಯ ನಂತರವೇ, ಅದು ಹಂತಹಂತವಾಗಿ ಆಯಿತೇ ಹಠಾತ್ತಾಗಿ ಆಯಿತೇ ಎಂಬ ಪ್ರಶ್ನೆಗಳಿಗೆ ಜನರ ನೆನಪಿಗಿಂತ ನಿಖರವಾದ ಉತ್ತರವನ್ನು ಈ ಪರೀಕ್ಷೆ ಕೊಡಬಲ್ಲದು. ಬಳಚು ಯಾವ ಮಿತಿಯವರೆಗೆ ಲವಣತ್ವದ ಕುಸಿತವನ್ನು ಸಹಿಸಿತು ಎಂಬುದೂ ಕೊನೆಯ ತಲೆಮಾರಿನ ಚಿಪ್ಪುಗಳಿಂದ ತಿಳಿಯಬಹುದು. ಅಘನಾಶಿನಿಯ ಹರಿವನ್ನು ಬದಲಿಸುವ ಯಾವುದೇ ಯೋಜನೆಯನ್ನು ವಿವೇಚಿಸುವಾಗ ಇಂತಹ ಮಿತಿಯ ಅರಿವು ಅತ್ಯಗತ್ಯ.

ಹಿಂದಿನ ಅಧ್ಯಯನಗಳ ಸ್ವರೂಪ

ಕರ್ನಾಟಕದಲ್ಲಿ ಚಿಪ್ಪುಜೀವಿಗಳ ಬೆಳವಣಿಗೆಯ ಅಧ್ಯಯನ ಹೊಸದೇನಲ್ಲ. 1970ರ ದಶಕದಲ್ಲಿ ಕಾರವಾರದ ಕಾಳಿ ಅಳಿವೆಯ ಬಳಚಿನ ಬಗೆಗೂ, 1980ರ ದಶಕದಲ್ಲಿ ಮೂಲ್ಕಿ ಅಳಿವೆಯ ಬಳಚಿನ ಬಗೆಗೂ ಸಂಶೋಧನೆಗಳು ನಡೆದಿವೆ. ಅವುಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮವೆಂದರೆ, ಪ್ರತಿ ತಿಂಗಳು ನೂರಾರು ಚಿಪ್ಪುಗಳ ಉದ್ದವನ್ನು ಅಳೆದು ಒಂದು ಗುಂಪಿನ ಸರಾಸರಿ ಗಾತ್ರ ಹೇಗೆ ಏರಿತೆಂದು ಗುರುತಿಸುವುದು. ಮೀನುಗಾರಿಕೆಯ ನಿರ್ವಹಣೆಗೆ ಇದು ಉಪಯುಕ್ತ. ಆದರೆ ಆ ಕ್ರಮದಲ್ಲಿ ಅಳತೆ ಮಾಡಿದ ತಿಂಗಳುಗಳ ಆಚೆಗೆ ಹೋಗಲಾಗದು. ಗೆರೆಗಳ ಅಧ್ಯಯನದಲ್ಲಿ ಪ್ರತಿ ಜೀವಿಯೂ ತನ್ನ ಜೀವಿತದ ಅಳತೆಯನ್ನು ತಾನೇ ಇಟ್ಟುಕೊಂಡಿರುತ್ತದೆ. ಸಂಶೋಧಕನು ತಡವಾಗಿ ಬಂದರೂ ಅದು ದೊರೆಯುತ್ತದೆ. ಹಿಂದಿನ ಅಧ್ಯಯನಗಳ ಅಂಕಿಅಂಶಗಳು ಹೊಸ ವಿಧಾನವನ್ನು ಪರೀಕ್ಷಿಸಿ ನೋಡಲು ಒರೆಗಲ್ಲಾಗಿ ಒದಗುತ್ತವೆ.

ಮಿತಿಗಳು

ಪ್ರತಿಯೊಂದು ಗೆರೆಯೂ ಮಳೆಗಾಲವನ್ನೇ ಸೂಚಿಸುವುದಿಲ್ಲ. ಮೊಟ್ಟೆ ಹೊರಹಾಕುವ ಸಮಯದಲ್ಲಿ, ಬಳಚು ಆಯುವವರು ದಿಬ್ಬವನ್ನು ಕೆದಕಿದಾಗ, ಚಂಡಮಾರುತದಲ್ಲಿ, ಮರಳು ತೆಗೆಯುವಾಗ ಕದಡಿದ ಕೆಸರಿನಲ್ಲಿ ಹುದುಗಿದಾಗಲೂ ಬೆಳವಣಿಗೆ ತಡೆಯಲ್ಪಟ್ಟು ಗೆರೆ ಮೂಡಬಹುದು. ಬೆಳವಣಿಗೆ ನಿಂತ ವಾರಗಳಲ್ಲಿ ಪದರವೇ ಕೂಡಿಕೊಳ್ಳದಿರುವುದರಿಂದ, ಮಳೆಗಾಲದ ಅತ್ಯಂತ ಸಿಹಿಯಾದ ದಿನಗಳು ಚಿಪ್ಪಿನಲ್ಲಿ ದಾಖಲಾಗದೆಯೇ ಹೋಗುವ ಸಂಭವವೂ ಇದೆ. ಹೀಗಾಗಿ ಗೆರೆಯ ಎಣಿಕೆಯನ್ನು ಐಸೊಟೋಪು ಪರೀಕ್ಷೆಯೊಡನೆ ತಾಳೆ ನೋಡದೆ ನಿರ್ಣಯಕ್ಕೆ ಬರುವುದು ತರವಲ್ಲ. ಕೆಸರಿನಿಂದ ತೆಗೆದ ಹಳೆಯ ಚಿಪ್ಪುಗಳ ಕಾಲವನ್ನು ವಿಕಿರಣಶೀಲ ಇಂಗಾಲದಿಂದ ನಿರ್ಧರಿಸುವಾಗ, ಕಡಲನೀರಿನ ಇಂಗಾಲವೇ ವಾತಾವರಣದ ಇಂಗಾಲಕ್ಕಿಂತ ಹಳೆಯದಾಗಿ ತೋರುವುದರಿಂದ ಸೂಕ್ತ ತಿದ್ದುಪಡಿ ಅಗತ್ಯವಾಗುತ್ತದೆ.

ಈ ಸಂದೇಹಗಳನ್ನು ಪರಿಹರಿಸಲು ಸರಳ ಉಪಾಯವೊಂದಿದೆ. ಜೀವಂತ ಬಳಚುಗಳ ಅಂಚಿಗೆ ಸಣ್ಣ ಕಚ್ಚು ಮಾಡಿ, ಅಥವಾ ಚಿಪ್ಪಿಗೆ ಅಂಟಿಕೊಂಡು ಹೊಳೆಯುವ ಕ್ಯಾಲ್ಸೀನ್ ದ್ರಾವಣದಲ್ಲಿ ಕೆಲಕಾಲ ಇರಿಸಿ, ಮತ್ತೆ ಅದೇ ದಿಬ್ಬದಲ್ಲಿ ಬಿಡಲಾಗುತ್ತದೆ. ತಿಂಗಳುಗಳ ಬಳಿಕ ಅವನ್ನು ತೆಗೆದು ನೋಡಿದರೆ ಗುರುತಿನ ಆಚೆ ಎಷ್ಟು ದಿನಗಳಲ್ಲಿ ಎಷ್ಟು ಗೆರೆ ಮೂಡಿತೆಂಬುದು ನಿಶ್ಚಿತವಾಗಿ ತಿಳಿಯುತ್ತದೆ. ಅಘನಾಶಿನಿಯ ಮೇಲ್ಭಾಗದ ಸಂತೇಗುಳಿಯಲ್ಲಿ ಕೇಂದ್ರ ಜಲ ಆಯೋಗವು ದಾಖಲಿಸಿರುವ ಹರಿವಿನ ಅಂಕಿಅಂಶಗಳೊಡನೆ ಇದನ್ನು ಹೋಲಿಸಿದಲ್ಲಿ ಚಿಪ್ಪಿನ ಭಾಷೆಗೆ ನಂಬಲರ್ಹವಾದ ಕೀಲಿಕೈ ದೊರೆತಂತಾಗುತ್ತದೆ.

ಸುಡುವ ದಾಖಲೆ

ವಿಧಾನ ಸಿದ್ಧವಿದ್ದರೂ ಸಾಮಗ್ರಿ ಉಳಿಯುವುದೇ ಎಂಬುದು ಮುಖ್ಯ ಪ್ರಶ್ನೆ. ಕರಾವಳಿಯಲ್ಲಿ ಚಿಪ್ಪಿನ ಸುಣ್ಣಕ್ಕೆ ದೀರ್ಘ ಪರಂಪರೆಯಿದೆ. ಗೋಡೆಯ ಗಾರೆಗೂ ಎಲೆಯಡಿಕೆಗೂ ಅದನ್ನೇ ಬಳಸುತ್ತಿದ್ದರು. ಇದಕ್ಕೆ ಬಳಸುತ್ತಿದ್ದುದು ಬಹುಮಟ್ಟಿಗೆ ತಿಂದು ಬಿಟ್ಟ ಚಿಪ್ಪು. ಅಳಿವೆಯ ತಳದಲ್ಲಿ ಕಾಲಾಂತರದಿಂದ ಸಂಗ್ರಹವಾದ ಚಿಪ್ಪಿನ ನಿಕ್ಷೇಪವನ್ನು ಸುಣ್ಣ, ಸಿಮೆಂಟು ಹಾಗೂ ಕೋಳಿ ಆಹಾರಕ್ಕಾಗಿ ಅಗೆಯುವ ಉದ್ಯಮದ ಪರಿಣಾಮ ಬೇರೆ ಬಗೆಯದು. ಚಿಪ್ಪನ್ನು ಬೇಯಿಸಿ ತಿರುಳು ತೆಗೆದರೆ ಗೆರೆಗಳು ಉಳಿಯುತ್ತವೆ. ಭಟ್ಟಿಯಲ್ಲಿ ಸುಟ್ಟಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಗೆರೆಯೂ ಐಸೊಟೋಪಿನ ಗುರುತೂ ಒಟ್ಟಿಗೆ ಅಳಿಯುತ್ತವೆ. ಶಾಸನದ ಕಲ್ಲನ್ನು ಒಡೆದು ಜಲ್ಲಿ ಮಾಡುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಇದರರ್ಥ ಸುಣ್ಣದ ಕಸುಬನ್ನೇ ನಿಲ್ಲಿಸಬೇಕೆಂದಲ್ಲ. ಸಂಶೋಧನೆಗೆ ಬೇಕಾಗುವುದು ಟನ್ನುಗಟ್ಟಲೆ ಚಿಪ್ಪಲ್ಲ. ಪ್ರತಿ ಅಳಿವೆಯಿಂದ, ಪ್ರತಿ ವರ್ಷ, ಮಳೆಗಾಲಕ್ಕೆ ಮೊದಲು ಮತ್ತು ನಂತರ ತೆಗೆದ ಕೆಲವು ಹತ್ತು ಚಿಪ್ಪುಗಳು ಸಾಕು. ಆದರೆ ಪ್ರತಿಯೊಂದರ ಮೇಲೆ ಸ್ಥಳ, ದಿನಾಂಕ, ಪ್ರಭೇದ ಮತ್ತು ಜೀವಂತವಾಗಿ ದೊರೆತುದೋ ಮೃತವಾಗಿ ದೊರೆತುದೋ ಎಂಬ ವಿವರ ಇರಬೇಕು. ಜೀವಂತವಾಗಿ ತೆಗೆದ ದಿನಾಂಕವು ಖಚಿತವಾಗಿದ್ದರೆ ಹೊರ ಅಂಚಿನಿಂದ ಹಿಂದಕ್ಕೆ ಎಣಿಸಿ ಪ್ರತಿ ಪದರಕ್ಕೂ ಕಾಲವನ್ನು ನಿಗದಿಪಡಿಸಬಹುದು. ದಿನಾಂಕವಿಲ್ಲದ ಚಿಪ್ಪು ಎಷ್ಟು ಸುಂದರವಾಗಿದ್ದರೂ ಈ ಉದ್ದೇಶಕ್ಕೆ ನಿರುಪಯುಕ್ತ. ಕರಾವಳಿಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿರುವ ಹಳೆಯ ಸಂಗ್ರಹಗಳ ಚೀಟಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿ ಪಟ್ಟಿ ಮಾಡುವುದು ಅಲ್ಪ ವೆಚ್ಚದ, ತುರ್ತಿನ ಕೆಲಸ. ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಾರವಾರದಲ್ಲಿರುವ ಕಡಲಜೀವಶಾಸ್ತ್ರ ಅಧ್ಯಯನ ವಿಭಾಗ, ಐಸೊಟೋಪು ಪರೀಕ್ಷೆಯ ಸೌಲಭ್ಯವುಳ್ಳ ಭಾರತೀಯ ವಿಜ್ಞಾನ ಸಂಸ್ಥೆ ಇವು ಪರಸ್ಪರ ಕೈಜೋಡಿಸಿದಲ್ಲಿ ರಾಜ್ಯದೊಳಗೇ ಈ ಕಾರ್ಯ ಸಾಧ್ಯ. ಬಳಚು ಆಯುವವರ ಪಾಲುಗಾರಿಕೆಯೂ ಅಷ್ಟೇ ಮುಖ್ಯ. ಯಾವ ದಿಬ್ಬದಲ್ಲಿ ಯಾವ ವರ್ಷ ಬಳಚು ಕಡಿಮೆಯಾಯಿತೆಂಬುದನ್ನು ಮೊದಲು ಅರಿಯುವವರು ಅವರೇ.

ಒಳನಾಡಿನ ನದಿಗಳು

ಈ ವಿಧಾನ ಕರಾವಳಿಗೆ ಮಾತ್ರ ಸೀಮಿತವಲ್ಲ. ಕೃಷ್ಣಾ ಕೊಳ್ಳದ ನದಿ ಕೆರೆಗಳಲ್ಲಿ ಲ್ಯಾಮೆಲ್ಲಿಡೆನ್ಸ್ ಜಾತಿಯ ಸಿಹಿನೀರಿನ ಚಿಪ್ಪುಜೀವಿಗಳಿವೆ. ಅವುಗಳ ಚಿಪ್ಪಿನಲ್ಲಿಯೂ ಬೆಳವಣಿಗೆಯ ಗೆರೆಗಳು ಮೂಡುತ್ತವೆ. ಮನಗೂಳಿ, ಬಸವನ ಬಾಗೇವಾಡಿ ಸೀಮೆಗೆ ಪರಿಚಿತವಾದ ಡೋಣಿ ನದಿಯ ನೀರಿನ ಉಪ್ಪು, ಆಲಮಟ್ಟಿ ಜಲಾಶಯ ತುಂಬಿದ ಮೇಲೆ ಕೃಷ್ಣೆಯ ಹರಿವಿನಲ್ಲಾದ ಬದಲಾವಣೆ ಮುಂತಾದುವುಗಳಿಗೆ ಅಲ್ಲಿನ ಚಿಪ್ಪುಗಳು ಸಾಕ್ಷಿಯಾಗಬಲ್ಲವು. ಅಳಿವೆಗಳಲ್ಲಿ ರೂಢಿಸಿಕೊಂಡ ಸಂಗ್ರಹಕ್ರಮವನ್ನು ಒಳನಾಡಿಗೂ ವಿಸ್ತರಿಸಿದರೆ, ಪಶ್ಚಿಮಕ್ಕೆ ಹರಿಯುವ ಹಾಗೂ ಪೂರ್ವಕ್ಕೆ ಹರಿಯುವ ನದಿಗಳೆರಡರ ಚರಿತ್ರೆಯನ್ನೂ ಒಂದೇ ಮಾನದಂಡದಿಂದ ನೋಡಲು ಅವಕಾಶವಾಗುತ್ತದೆ.

ಉಪಸಂಹಾರ

ಕಡಲ ಪರಿಸರದ ಬದಲಾವಣೆಯನ್ನು ಅರಿಯಲು ಚಿಪ್ಪಿನ ದಾಖಲೆಯೊಂದೇ ಸಾಲದು. ಉಪಕರಣಗಳ ಅಳತೆ, ಜೀವಿಗಳ ಗಣತಿ, ಜನರ ಅನುಭವ ಎಲ್ಲವೂ ಬೇಕು. ಆದರೆ ಅಳತೆಯೇ ನಡೆಯದ ಕಾಲಕ್ಕೆ ಹಿಂದಿರುಗಿ ಹೋಗಬಲ್ಲ ಸಾಧನಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಚಿಪ್ಪು ಅತ್ಯಂತ ಸುಲಭವಾಗಿ ಕೈಗೆಟುಕುವಂಥದು. ಶರಾವತಿಯ ಬಳಚು ಕಣ್ಮರೆಯಾದ ಮೇಲೆ ಅದರ ಕಾರಣವನ್ನು ಶೋಧಿಸಬೇಕಾಯಿತು. ಅಘನಾಶಿನಿಯಲ್ಲಿ ಬಳಚು ಇನ್ನೂ ಬದುಕಿರುವಾಗಲೇ ಅದರ ಸಹಜ ಏರಿಳಿತವೇನೆಂಬುದನ್ನು ದಾಖಲಿಸಿಡುವ ಅವಕಾಶವಿದೆ. ಪ್ರತಿ ಮಳೆಗಾಲದ ಕೊನೆಗೆ ದಿನಾಂಕ ಬರೆದಿಟ್ಟ ಒಂದು ಹಿಡಿ ಚಿಪ್ಪು, ಮುಂದಿನ ತಲೆಮಾರಿನ ಸಂಶೋಧಕರಿಗೆ ಯಾವ ವರದಿಯೂ ನೀಡಲಾರದ ಮಾಹಿತಿಯನ್ನು ನೀಡಬಲ್ಲದು.